ಅಕ್ಕನ ಮೊಣಕೈ ಎತ್ತರ

ಅವನ ನಾಲಿಗೆ ಹರಿತ. ಕಸುಬು ಬೇರೆ ಬಡಗಿಯದು. ಹಾಗಾಗಿ ಚಿಕ್ಕಂದಿನಲ್ಲಿ ಯಾರೋ ಇಟ್ಟ 'ಉಳಿ' ಅನ್ನೋ ಹೆಸರು ಅಂಟಿಕೊಂಡೇಬಿಟ್ಟಿತ್ತು.

ಪಾಸ್ಟರಿಗೆ ಗಂಟಲಿನ ಆಪರೇಷನ್ ಆದಾಗಿನಿಂದ ಚರ್ಚಿನಲ್ಲಿ ದೇವರ ವಾಕ್ಯ ಹೇಳುತ್ತಿದ್ದವಳು ಉಳಿಯ ಅಕ್ಕ. ಅವಳು ಆಸ್ಪತ್ರೆಯಲ್ಲಿ ನರ್ಸು. ಪಾಳಿ ಮುಗಿಸಿ, ಕೈಗೆ ಹತ್ತಿದ ಔಷಧಿ ವಾಸನೆ ಸಮೇತ ಬಂದು ಮಾತು ಶುರು ಮಾಡಿದರೆ ಹಿಂದಿನ ಬೆಂಚಿನಲ್ಲಿ ತೂಕಡಿಸುವವರೂ ಕಣ್ಣು ಬಿಡುತ್ತಿದ್ದರು. ಆದರೆ ಅವಳು ನಿಲ್ಲಬೇಕಾದದ್ದು ಕೆಳಗೆ, ಮುಂದಿನ ಬೆಂಚಿನ ಪಕ್ಕ. ವೇದಿಕೆ ಹತ್ತುವಂತಿಲ್ಲ. ಗಂಡಸು ಹೇಳಿದರೆ ಪ್ರಸಂಗ, ಅದೇ ಮಾತು ಅವಳ ಬಾಯಲ್ಲಿ ಬಂದರೆ ಬರೀ ಸಾಕ್ಷಿ, ತನ್ನ ಅನುಭವ ಹೇಳಿಕೊಂಡಷ್ಟೇ. ಇದು ಸಭೆಯ ಹಿರಿಯರ ಕಟ್ಟಪ್ಪಣೆ. ಅವಳು ಮುಗಿಸಿದ ಮೇಲೆ ಹಿರಿಯರಲ್ಲೊಬ್ಬರು ಮೇಲೆ ಹತ್ತಿ, ಕೆಮ್ಮಿ, ಆಶೀರ್ವಾದ ಹೇಳಿ ಇಳಿಯುತ್ತಿದ್ದರು.

ಉಳಿಗೆ ಮೈಯೆಲ್ಲ ಉರಿ. "ಶಿಲುಬೆ ಮೇಲೆ ಸತ್ತು ಎದ್ದವನನ್ನ ಮೊದಲು ನೋಡಿದ್ದು ಹೆಂಗಸರು. ಹೋಗಿ ಹೇಳಿ ಅಂತ ಅವನು ಹೇಳಿದ್ದೂ ಅವರಿಗೇ. ಗಂಡಸರು ಬಾಗಿಲು ಹಾಕ್ಕೊಂಡು ನಡುಗ್ತಾ ಕೂತಿದ್ರು," ಅಂತ ಊಟಕ್ಕೆ ಕೂತಲ್ಲೇ ಗುಡುಗಿದ.

ಅಮ್ಮ ಇನ್ನೊಂದು ಸೌಟು ಬಡಿಸಿದಳು. "ಅವನು ಹಸಿದವರಿಗೆ ಊಟಾನೂ ಹಾಕಿದ ಕಣೋ. ಬಡಿಸೋ ಕೈ ಕೀಳಾ? ಒಲೆ ಮುಂದೆ ನಾನು ಮಾಡಿದ ಪ್ರಾರ್ಥನೆ ಅವನಿಗೆ ಕೇಳಿಸಲಿಲ್ವಾ?"

"ಕೀಳು ಅಂತ ಯಾರಮ್ಮ ಅಂದ್ರು? ಅದೊಂದೇನಾ ಅಂತ ಕೇಳ್ದೆ, ಅಷ್ಟೇ."

ಅಕ್ಕ ಅವನ ಎಂಜಲು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅದು ಉಳಿಯ ಕಣ್ಣಿಗೆ ಬೀಳಲೇ ಇಲ್ಲ.

ವೇದಿಕೆ ಮೇಲೆ ಬೈಬಲ್ ಇಟ್ಟು ಮಾತಾಡುವ ಹಳೆಯ ಪ್ರಸಂಗಪೀಠಕ್ಕೆ ಗೆದ್ದಲು ಹಿಡಿದಿತ್ತು. ಹೊಸದರ ಕೆಲಸ ಉಳಿಗೇ ಬಂತು. ನಿಂತವರ ಮೊಣಕೈ ಎಲ್ಲಿಗೆ ಬರುತ್ತೋ ಪೀಠದ ಹಲಗೆ ಅಲ್ಲಿಗೆ ಬರಬೇಕು, ಅದು ಲೆಕ್ಕ. ಪಾಸ್ಟರು ಬಾಗಿಲಿಗೆ ತಲೆ ತಾಗಿಸಿಕೊಳ್ಳುವಷ್ಟು ಉದ್ದದ ಆಳು. ಅಕ್ಕ ಗಿಡ್ಡಿ. ಅವಳು ಮನೆ ಬಾಗಿಲಿಗೆ ಒರಗಿ ಚಹಾ ಕುಡಿದು ಹೋದ ಮೇಲೆ, ಅವಳ ಮೊಣಕೈ ತಾಗಿದ್ದ ಕಡೆ ಚೌಕಟ್ಟಿನ ಮೇಲೆ ಉಳಿ ಪೆನ್ಸಿಲಿನಿಂದ ಗೀಟು ಎಳೆದ. ಯಾರಿಗೂ ಹೇಳಲಿಲ್ಲ.

ಶನಿವಾರ ಪೀಠ ತಂದು ವೇದಿಕೆ ಮೇಲೆ ನಿಲ್ಲಿಸಿದಾಗ ಪಾಸ್ಟರಮ್ಮ ಬೆಂಚು ಒರೆಸುತ್ತಿದ್ದರು.

"ಇದ್ಯಾರ ಅಳತೆನಪ್ಪಾ? ನಮ್ಮೋರು ಇದರ ಮುಂದೆ ನಿಂತ್ರೆ ಒಂಟೆ ನೀರು ಕುಡಿದ ಹಾಗಿರುತ್ತೆ."

"ಅಕ್ಕನ ಅಳತೆ."

ಅವರ ನಗು ಅಲ್ಲೇ ಇಂಗಿತು. "ದೇವರು ಇಬ್ಬರಿಗೂ ಒಂದೇ ಗೌರವ ಕೊಟ್ಟಿದ್ದಾನೆ, ಕೆಲಸ ಬೇರೆ ಬೇರೆ ಕೊಟ್ಟಿದ್ದಾನೆ. ನಾನು ಅವರ ಹಿಂದೆ ನಿಂತೇ ಈ ಸಭೆ ಕಟ್ಟಿದೀನಿ. ನನ್ನ ಬದುಕೆಲ್ಲ ತಪ್ಪು ಅಂತೀಯಾ?"

"ಕಟ್ಟಿದ್ದು ನೀವು, ಹೆಸರು ಅವರದು," ಅಂದುಬಿಟ್ಟ. ಪಾಸ್ಟರಮ್ಮ ಬಟ್ಟೆ ಹಿಂಡಿ ಹೊರಟುಹೋದರು.

ಸಂಜೆ ಹೊತ್ತಿಗೆ ಹಿರಿಯರ ತೀರ್ಮಾನ ಮನೆಗೆ ಬಂತು: ತಮ್ಮನ ಕೈಯಲ್ಲಿ ಈ ಆಟ ಆಡಿಸುತ್ತಿರುವವಳು ಅಕ್ಕನೇ, ನಾಳೆಯಿಂದ ಅವಳು ಕೆಳಗೆ ನಿಂತೂ ಮಾತಾಡಬೇಕಾಗಿಲ್ಲ.

ಅಕ್ಕ ತಮ್ಮನ ಕಡೆ ತಿರುಗಿದಳು.

"ನಿನಗೋಸ್ಕರ ಮಾಡ್ದೆ ಕಣೆ."

"ನನ್ನ ಕೇಳಿದ್ಯಾ? ನಾನು ಎಲ್ಲಿ ನಿಲ್ಲಬೇಕು ಅಂತ ಅವರು ಹೇಳಿದ್ರು. ಈಗ ನೀನೂ ಹೇಳ್ದೆ. ಚೌಕಟ್ಟಿನ ಮೇಲಿನ ಗೀಟು ಆಮೇಲೆ ನೋಡಿದ್ದೆ. ಬೀರು ಮಾಡ್ತೀಯೇನೋ ಅಂದ್ಕೊಂಡೆ."

"ನಿನಗೆ ಮೇಲೆ ಹತ್ತೋ ಆಸೆ ಇಲ್ವಾ?"

"ಹೊಟ್ಟೆ ತುಂಬ ಇದೆ. ವಾರ್ಡಿನಲ್ಲಿ ಸಾಯೋರ ಕೈ ಹಿಡ್ಕೊಂಡಾಗೆಲ್ಲ ದೇವರು ನನ್ನನ್ನೇ ಕರೀತಿದ್ದಾನೆ ಅನ್ಸುತ್ತೆ. ಅದನ್ನ ನಾನೇ ಅವರ ಮುಖಕ್ಕೆ ಹೇಳ್ಬೇಕಿತ್ತು. ಹೆದರ್ಕೊಂಡು ಮುಂದೆ ಹಾಕ್ತಾ ಬಂದೆ. ನೀನು ಮಧ್ಯ ಬಂದೆ."

ಉಳಿ ಎದ್ದು ನಿಂತ. "ನಡಿ, ಈಗಲೇ ಹೋಗಿ ಅವರಿಗೆ ಬಿಡಿಸಿ ಹೇಳ್ತೀನಿ. ಇಲ್ಲಾ ಪೀಠಕ್ಕೆ ಕಾಲು ಸೇರಿಸಿ ಎತ್ತರ ಮಾಡ್ಕೊಡ್ತೀನಿ."

"ಪೀಠ ಮುಟ್ಟಬೇಡ. ಹಿರಿಯರ ಹತ್ರ ನಾನು ಹೋಗ್ತೀನಿ. ನೀನು ಬರಬೇಡ."

"ಒಪ್ಪದಿದ್ರೆ?"

"ಆಗ ಅಳ್ತೀನೋ, ಬೈತೀನೋ, ಬೇರೆ ಸಭೆ ಹುಡುಕ್ತೀನೋ, ಅದೂ ನನ್ನ ಪಾಡು."

ಚಪ್ಪಲಿ ಮೆಟ್ಟಿ ಹೊರಟಳು. ಉಳಿ ಹೊಸಿಲ ತನಕ ಹೋದ, ದಾಟಲಿಲ್ಲ. ಬಾಯಿಗೆ ಬಂದ ಬೈಗುಳವನ್ನೆಲ್ಲ ನುಂಗಿಕೊಂಡು, ಚೌಕಟ್ಟಿನ ಗೀಟಿನ ಪಕ್ಕ ನಿಂತು, ಬೀದಿ ತಿರುವಿನಲ್ಲಿ ಅವಳು ಮರೆಯಾಗುವವರೆಗೂ ನೋಡಿದ. ಒಳಗೆ ಅವನು ಮಧ್ಯಾಹ್ನ ಉಂಡ ಎಂಜಲು ತಟ್ಟೆ, ಈ ಸಲ ಅಕ್ಕ ಎತ್ತದೆ, ಹಾಗೇ ಬಿದ್ದಿತ್ತು.