ಜಲಜಳ ಕಿರುಬೆರಳು ಮತ್ತು ನಾನು

ನಾನು ಒಂದು ಕಾರ್ಡು. ಅಂಗೈಯಲ್ಲಿ ಅಡಗುವಷ್ಟೇ ಉದ್ದಗಲ. ಒಂದು ಮಗ್ಗುಲಲ್ಲಿ ಹೆಂಗಸೊಬ್ಬಳ ಫೋಟೊ, ಇನ್ನೊಂದು ಮಗ್ಗುಲಲ್ಲಿ ಕನ್ನಡಿಯಂಥ ಪಟ್ಟಿ. ಎಲ್ಲೋ ದೂರದ ಊರಿನಲ್ಲಿ ಪ್ಲಾಸ್ಟಿಕ್ಕಿನ ಹಾಳೆಯಿಂದ ನನ್ನನ್ನು ಕತ್ತರಿಸಿ ತೆಗೆದರು ಎಂಬುದಷ್ಟೇ ನೆನಪು. ಆಗ ನನ್ನೊಳಗೆ ಏನೂ ಇರಲಿಲ್ಲ. ಇಲ್ಲದಿದ್ದಾಗ ಭಾರವೂ ಇರಲಿಲ್ಲ.

ನನ್ನಂಥವರ ಮೇಲೆ ಶಾಯಿಯಿಂದ ಬರೆಯುವುದಿಲ್ಲ, ಬೆಳಕಿನಿಂದ ಬರೆಯುತ್ತಾರೆ. ಸೂಜಿಮೊನೆಗಿಂತ ಸಣ್ಣ ಬೆಳಕು ಬಂದು ಆ ಪಟ್ಟಿಯ ಮೇಲೆ ಚುಕ್ಕೆ ಚುಕ್ಕೆಯಾಗಿ ಸುಡುತ್ತದೆ. ಸುಟ್ಟದ್ದನ್ನು ಆಮೇಲೆ ಯಾರೂ ಅಳಿಸಲಾರರು. ನಾನು ಹೆಚ್ಚು ಓದಿದವನಲ್ಲ ನೋಡಿ. ಇಡೀ ಜೀವಮಾನದಲ್ಲಿ ಓದಿದ್ದು ಒಂದೇ ಒಂದು ಬೆರಳು.

ಆ ಬೆರಳು ಜಲಜಳದು. ಕುಂದಾಪುರದ ಕಡೆಯ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಅವಳು ಬೀಜ ಒಡೆಯುತ್ತಿದ್ದಳು. ಗಂಡ ಗೋವೆಯ ಬೋಟಿನಲ್ಲಿ. ಮನೆಯಲ್ಲಿ ಹಿರಿಯರು ಯಾರೂ ಇಲ್ಲ. ಎರಡು ವರ್ಷ ತುಂಬದ ಮಗಳು ಶಾಂಭವಿಯನ್ನು ಕಾರ್ಖಾನೆಯ ಶಿಶುವಿಹಾರದಲ್ಲಿ ಬಿಟ್ಟು ಕೆಲಸಕ್ಕೆ ಕೂರುತ್ತಿದ್ದಳು. ಹಿಂದೆ ಒಮ್ಮೆ ಕುಡಿದು ಬಂದ ಅಪ್ಪನೊಬ್ಬ ತನ್ನ ಮಗುವನ್ನು ಶಿಶುವಿಹಾರದಿಂದ ಎತ್ತಿಕೊಂಡು ಹೋಗಿ ಬಸ್ ನಿಲ್ದಾಣದಲ್ಲಿ ಮರೆತು ಬಂದಿದ್ದ. ಮಗು ಸಿಕ್ಕಿತು, ಆದರೆ ಮಾಲೀಕರು ಹೆದರಿದರು. ಅಂದಿನಿಂದ ತಾಯಿಯ ಕಾರ್ಡು ಯಂತ್ರದೊಳಗೆ ಹೋಗಬೇಕು, ತಾಯಿಯ ಬೆರಳು ಗಾಜಿನ ಮೇಲೆ ಕೂರಬೇಕು, ಎರಡೂ ಒಂದೇ ಎಂದು ಹಸಿರು ದೀಪ ಹತ್ತಿದರೆ ಮಾತ್ರ ಮಗು ಹೊರಗೆ. ಹೆಂಗಸರೆಲ್ಲ ಒಳ್ಳೆಯದಾಯಿತು ಅಂದರು. ಜಲಜಳೂ ಅಂದಳು. ಕೆಡುಕು ಮಾಡಲೆಂದು ನನ್ನನ್ನು ಯಾರೂ ತರಲಿಲ್ಲ, ಅದನ್ನು ಹೇಳಲೇಬೇಕು.

ಗೇರುಬೀಜದ ಚಿಪ್ಪಿನಲ್ಲಿ ಒಂದು ಸೊನೆ ಇರುತ್ತದೆ. ತಾಗಿದಲ್ಲಿ ಚರ್ಮ ಸುಟ್ಟು ಕಪ್ಪಾಗಿ ಸುಲಿಯುತ್ತದೆ. ಹೆಂಗಸರು ಎಷ್ಟು ಬೂದಿ ಬಳಿದುಕೊಂಡು ಕೂತರೂ ಬೆರಳ ತುದಿ ಉಳಿಯುವುದಿಲ್ಲ. ಬೆರಳು ಬರೆಸುವ ದಿನ ಜಲಜ ಒಂದೊಂದೇ ಬೆರಳು ಇಟ್ಟಳು. ಯಂತ್ರ ಒಂದನ್ನೂ ಒಪ್ಪಲಿಲ್ಲ. ಕಟ್ಟಕಡೆಗೆ ಎಡಗೈಯ ಕಿರುಬೆರಳು ಇಟ್ಟಾಗ ಗೆರೆಗಳು ಮೂಡಿದವು. ಸುಳಿಯಂತೆ ಒಳಗೊಳಗೇ ತಿರುಗುವ ಗೆರೆಗಳು, ನಡುವೆ ಎಂದೋ ಮೀನು ಹೆಚ್ಚುವಾಗ ಆದ ಗೀರು. ಅಷ್ಟನ್ನೂ ಬೆಳಕು ನನ್ನೊಳಗೆ ಸುಟ್ಟಿತು.

"ಈ ಬೆರಳನ್ನ ಜೋಪಾನ ಮಾಡಿ ಅಮ್ಮ. ಇದೂ ಸುಲಿದ್ರೆ ಮಗು ಕೊಡ್ಲಿಕ್ಕಾಗೋದಿಲ್ಲ," ಎಂದ ಯಂತ್ರದವನು. ತಮಾಷೆಗೆ ಹೇಳಿದನೋ ಏನೋ. ಜಲಜ ಆ ಬೆರಳನ್ನು ಅಂಗೈಯೊಳಗೆ ಮಡಚಿಕೊಂಡಳು.

ಮರುದಿನದಿಂದ ಅವಳು ಆ ಕಿರುಬೆರಳಿಗೆ ಬಟ್ಟೆ ಸುತ್ತಿ ಕೆಲಸಕ್ಕೆ ಕೂತಳು. ಕಾಲಲ್ಲಿ ಪೆಡಲು ಒತ್ತಬೇಕು, ಎಡಗೈಯಿಂದ ಬೀಜವನ್ನು ಎರಡು ಅಲಗುಗಳ ನಡುವೆ ಇಡಬೇಕು, ಬಲಗೈಯಿಂದ ಹಿಡಿ ಎಳೆಯಬೇಕು. ಹೀಗೆ ಇಡುವಾಗೆಲ್ಲ ಆ ಒಂದು ಬೆರಳು ನೆಂಟರ ಹಾಗೆ ದೂರ ನಿಂತಿರುತ್ತಿತ್ತು. ಪಕ್ಕದಲ್ಲಿ ಕೂರುತ್ತಿದ್ದ ಸೀತುವಿಗೆ ಅದೇ ಒಂದು ನಗೆ.

"ಹೆಣೇ ಜಲಜ, ನಿನ್ ಕಿರುಬೆರಳಿನ ಬಾಣಂತನ ಯಾವಾಗ ಮುಗಿತ್ತ್?"

"ಶಾಂಭವಿ ಶಾಲಿಗ್ ಹೋಪತಂಕ."

"ಅಬ್ಯಾ! ನಮ್ಮನಿ ಸೊಸೆಗೂ ಇಷ್ಟ್ ಆರೈಕೆ ಇಲ್ಲೆ ಮಾರಾಯ್ತಿ."

ಸಿಪ್ಪೆ ಸುಲಿಯುವ ಕೋಣೆಯಲ್ಲಿ ಸೊನೆ ಇರುವುದಿಲ್ಲ, ಅಲ್ಲಿಗೆ ಹಾಕಿ ಎಂದು ಅವಳು ಕೇಳಿದ್ದುಂಟು. ಜಾಗ ಇಲ್ಲ ಅಂದರು. ಹೀಗೆ ಎರಡು ಮಳೆಗಾಲ ಕಳೆಯಿತು. ಪ್ರತಿ ಸಂಜೆ ಅವಳು ಬಟ್ಟೆ ಬಿಚ್ಚಿ, ಬೆರಳು ತೊಳೆದು, ಸೆರಗಿನಿಂದ ಒರೆಸಿ, ಗಾಜಿನ ಮೇಲೆ ಇಡುತ್ತಿದ್ದಳು. ಇಡುವಾಗ ಉಸಿರು ಹಿಡಿಯುತ್ತಿದ್ದಳು. ನಾನು ಹೌದು ಅಂದ ಮೇಲೆ ಬಿಡುತ್ತಿದ್ದಳು. ತನ್ನ ಮಗುವನ್ನು ಪಡೆಯಲು ತಾಯಿ ನನ್ನ ಎದುರು ಉಸಿರು ಹಿಡಿಯುವುದೆಂದರೇನು? ಆಗ ನನಗೆ ಅದು ತಿಳಿಯಲಿಲ್ಲ. ಹೌದು ಅನ್ನುವುದರಲ್ಲೇ ಒಂದು ಗತ್ತು ಇತ್ತು ನನಗೆ.

ಒಂದು ಮಧ್ಯಾಹ್ನ ನಾನು ಅವಳ ರವಕೆಯೊಳಗಿನ ಚೀಲದಲ್ಲಿದ್ದೆ. ಸುತ್ತಿದ ಬಟ್ಟೆಯ ತುದಿ ಸಡಿಲಾಗಿ ಅಲಗಿಗೆ ಸಿಕ್ಕಿತು. ಕಾಲು ಪೆಡಲಿನ ಮೇಲಿತ್ತು. ಅಲಗು ಬಟ್ಟೆಯನ್ನು ಎಳೆಯಿತು, ಬಟ್ಟೆಯ ಹಿಂದೆ ಬೆರಳು ಹೋಯಿತು. ಬರಿಗೈಯಲ್ಲಿ ಕೆಲಸ ಮಾಡಿದ್ದರೆ ಸೊನೆ ಚರ್ಮವನ್ನಷ್ಟೇ ತಿನ್ನುತ್ತಿತ್ತು. ನನಗಾಗಿ ಕಾಪಾಡಿದ್ದಕ್ಕೇ ಆ ಬೆರಳು ಹೋಯಿತು.

ಸೀತು ತನ್ನ ಸೆರಗು ಹರಿದು ಕಟ್ಟಿದಳು. ಆಸ್ಪತ್ರೆಗೆ ಒಯ್ಯಲು ಜೀಪು ಬಂತು. ಜಲಜ ಹತ್ತಲಿಲ್ಲ. "ಮಗಳ್ನ ಬಿಟ್ಟಿಕೆ ಹೋತಿಲ್ಲೆ. ನಾ ಇಲ್ದಿರೆ ಅವಳ್ನ ಯಾರಿಗೂ ಕೊಡುದಿಲ್ಲೆ," ಎನ್ನುತ್ತ ಶಿಶುವಿಹಾರದ ಬಾಗಿಲಿಗೆ ನಡೆದಳು. ಕಾವಲುಗಾರ ಮಂಜಯ್ಯ ದಿನದ ರೂಢಿಯಂತೆ ತಲೆ ಎತ್ತದೆ ನನ್ನನ್ನು ಯಂತ್ರಕ್ಕೆ ಹಾಕಿದ.

"ಬೆರಳ್ ಇಡ್."

"ಬೆರಳಿಲ್ಲೆ ಮಂಜಣ್ಣ."

ಆಗ ತಲೆ ಎತ್ತಿದ. ರಕ್ತ ಕಂಡ. ಆದರೂ, "ಬೇರೆ ಬೆರಳ್ ಇಟ್ ಕಾಣ್," ಅಂದ. ಅವಳು ಬಲಗೈಯ ಬೆರಳುಗಳನ್ನು ಒಂದೊಂದಾಗಿ ಇಟ್ಟಳು. ಕಟ್ಟಿದ ಬಟ್ಟೆಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ನಾನು ಒಂದೊಂದಕ್ಕೂ ಅಲ್ಲ ಅಂದೆ. ಅವಳ ಮೈಯ ಬಿಸಿಯಲ್ಲೇ ಎರಡು ವರ್ಷ ಇದ್ದವನು ನಾನು. ಅವಳನ್ನು ಅಲ್ಲ ಅಂದೆ. ಕೆಂಪು ದೀಪ ಹತ್ತಿ ಹತ್ತಿ ಆರಿತು.

"ನಂಗೆ ಗೊತ್ತಿತ್ತ್ ಮಾರಾಯ್ತಿ, ನೀನೇ ಹೆತ್ತ್ ಅಬ್ಬಿ ಅಂದೇಳಿ," ಎಂದ ಮಂಜಯ್ಯ ಯಂತ್ರದತ್ತ ಕೈ ತೋರಿಸಿದ. "ಇದ್ಕ್ ಗೊತ್ತಾತಿಲ್ಲೆ ಅಲ್ದಾ?"

ಒಳಗಿಂದ ಆಯಾ ಪದ್ದಕ್ಕ ಶಾಂಭವಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. "ಹ್ವಾಯ್ ಮಂಜಯ್ಯ, ಹೆತ್ತದ್ದ್ ಇವ್ಳಾ, ನಿಮ್ ಪೆಟ್ಟಿಗೆಯಾ? ಬದಿಗ್ ಸರೀನಿ!" ಎಂದವಳೇ ಅರ್ಧಬಾಗಿಲ ಮೇಲಿಂದ ಮಗುವನ್ನು ದಾಟಿಸಿದಳು. ಮಂಜಯ್ಯ ಸರಿದ. ಜಲಜ ಒಂದೇ ಕೈಯಲ್ಲಿ ಮಗಳನ್ನು ಅವಚಿಕೊಂಡು ಜೀಪು ಹತ್ತಿದಳು. ನಾನು ಯಂತ್ರದ ಬಾಯಲ್ಲೇ ಉಳಿದೆ.

ಗಾಯ ಮಾಗಿದ ಮೇಲೆ ಹೊಸ ಕಾರ್ಡಿಗೆಂದು ಅವಳನ್ನು ಕರೆದರು. ಉಳಿದ ಬೆರಳುಗಳಲ್ಲಿ ಒಂದರ ಗೆರೆಯೂ ಮೂಡಲಿಲ್ಲ. ಕಡೆಗೆ ಯಾರೋ ಒಂದು ಉಪಾಯ ಹುಡುಕಿದರು. ಶಾಂಭವಿಯ ಹೆಸರಿಗೆ ಪದ್ದಕ್ಕನ ಹೆಬ್ಬೆರಳು ಬರೆಸಿದರು. ಆಮೇಲೆ ದಿನವೂ ಪದ್ದಕ್ಕ ಬೆರಳೊತ್ತಿ ಮಗುವನ್ನು ಹೊರಗೆ ತರುವಳು, ಗೇಟಿನಾಚೆ ನಿಂತ ಜಲಜ ಕೈ ಚಾಚಿ ತೆಗೆದುಕೊಳ್ಳುವಳು. ಮಗು ಸಿಗುತ್ತಿತ್ತು. ಆದರೆ ಆ ಬಾಗಿಲಿಗೆ ಅವಳು ತಾಯಿಯಾಗಿ ಮತ್ತೆ ಬರಲಿಲ್ಲ.

ನನ್ನ ಮೂಲೆಗೆ ತೂತು ಹೊಡೆದು ಕಸದ ಬುಟ್ಟಿಗೆ ಹಾಕಲು ಹೊರಟಿದ್ದರು. ಜಲಜ ಕೇಳಿ ಪಡೆದಳು. "ಬೆರಳಂತೂ ಹೋಯ್ತ್. ಇದನ್ನಾದ್ರೂ ಕೊಡಿ," ಅಂದಳಂತೆ.

ಈಗ ನಾನು ಅವಳ ಬಚ್ಚಲ ಗೋಡೆಯ ಮೊಳೆಯಲ್ಲಿ ನೇತಾಡುತ್ತೇನೆ. ಫೋಟೊ ಮಾಸಿದೆ. ಕೆಲಸದಿಂದ ಬಂದು ಅವಳು ಬೆರಳಿಗಂಟಿದ ಸೊನೆಯನ್ನು ನನ್ನ ಅಂಚಿನಿಂದ ಕೆರೆದು ತೆಗೆಯುತ್ತಾಳೆ. ಸೊನೆ ನನ್ನನ್ನೂ ಸ್ವಲ್ಪ ಸ್ವಲ್ಪ ತಿನ್ನುತ್ತಿದೆ. ತಿನ್ನಲಿ. ಎಡಗೈ ಕೆರೆಯುವಾಗ ಕಡಿದ ಬೆರಳಿನ ಮೊಂಡು ಒಮ್ಮೊಮ್ಮೆ ನನ್ನ ಪಟ್ಟಿಗೆ ತಾಗುತ್ತದೆ. ಒಳಗೆ, ಬೆಳಕು ಸುಟ್ಟಿಟ್ಟ ಹಾಗೆಯೇ, ಅವಳ ಕಿರುಬೆರಳಿದೆ. ಸುಳಿ ಇದೆ, ಮೀನು ಹೆಚ್ಚಿದ ಗೀರೂ ಇದೆ. ಲೋಕದಲ್ಲಿ ಇನ್ನೆಲ್ಲೂ ಇಲ್ಲದ್ದು ನನ್ನೊಳಗೆ ಇಡಿಯಾಗಿ ಉಳಿದಿದೆ, ಹೊರಗೆ ತೆಗೆದು ಅವಳ ಕೈಗೆ ಕೊಡಲು ಮಾತ್ರ ನನಗೆ ಬರುವುದಿಲ್ಲ.