ಕೊಯ್ಯುವವರು ತಿನ್ನುವುದಿಲ್ಲ

ನಮ್ಮ ಸಾಲಿನಲ್ಲಿ ಟರ್ಕಿ ಕೋಳಿ ತಿನ್ನುವವರು ಯಾರೂ ಇಲ್ಲ. ಯಾರೂ ಆಣೆ ಹಾಕಿಲ್ಲ, ಬೋರ್ಡು ಬರೆದಿಲ್ಲ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಟರ್ಕಿ ಕೊಯ್ಯುವ ಈ ಕಾರ್ಖಾನೆಗೆ ಸೇರಿ ವರ್ಷ ತುಂಬುವುದರೊಳಗೆ ಅದು ಗಂಟಲಲ್ಲಿ ಇಳಿಯುವುದೇ ನಿಂತುಹೋಗುತ್ತದೆ. ನಮ್ಮ ಮುಂದೆ ಓಡುವ ಬೆಲ್ಟು ನಿಲ್ಲುವುದಿಲ್ಲ, ಅದರ ಮೇಲೆ ಹಕ್ಕಿಗಳು ಬರುತ್ತಲೇ ಇರುತ್ತವೆ. ಮರಗಟ್ಟಿ ನಿಲ್ಲುವುದು ನಮ್ಮ ಬೆರಳುಗಳು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಕಂಪನಿ ತಲೆಗೊಂದು ಹಕ್ಕಿ ಪುಕ್ಕಟೆ ಕೊಡುತ್ತದೆ, ಬೆರಳಿನ ಬೆಲೆ ತೀರಿತು ಎನ್ನುವ ಹಾಗೆ. ನಾವು ಅದನ್ನು ಬೇಕಾದವರು ಒಯ್ಯಲೆಂದು ಚರ್ಚಿನ ಫ್ರೀಜರಿಗೆ ತುಂಬಿ, ಮನೆಗೆ ಹೋಗಿ ಹಂದಿ ಮಾಂಸ ಕರಿಯುತ್ತೇವೆ.

ನನ್ನಕ್ಕ ವರ್ನೆಲ್ ಹತ್ತೊಂಬತ್ತು ವರ್ಷದಿಂದ ನನ್ನ ಎಡಗಡೆ ನಿಂತು ಎದೆಮಾಂಸ ಬಿಡಿಸುತ್ತಾಳೆ. ಬೆಳಿಗ್ಗೆ ಅವಳ ಮುಷ್ಟಿ ಬಿಸಿನೀರಿಲ್ಲದೆ ಬಿಚ್ಚುವುದಿಲ್ಲ. ಈಸ್ಟರ್ ಮುಗಿದ ವಾರ ಭಾವ ಕ್ಲಿಯೋಫಸ್‌ಗೆ ಹೃದಯಾಘಾತವಾಯಿತು. ಹಂದಿ ಬೇಡ, ದನ ಬೇಡ, ಕರಿದದ್ದು ಬೇಡ ಎಂದಳು ಡಾಕ್ಟರಮ್ಮ. ಇನ್ನೊಮ್ಮೆ ಬಂದರೆ ಉಳಿಯುವುದು ಕಷ್ಟವಂತೆ.

"ಟರ್ಕಿ ಎದೆಮಾಂಸ ಕೊಡಿ, ಚರ್ಮ ತೆಗೆದು," ಎಂದೂ ಹೇಳಿದಳು ಡಾಕ್ಟರಮ್ಮ.

ಅಕ್ಕ ತನ್ನ ಕೈ ನೋಡಿಕೊಂಡಳು.

ಎಂಟು ದಿನ ಭಾವ ಜೋಳದ ಗಂಜಿ ಕುಡಿದ. ಒಂಬತ್ತನೆಯ ದಿನ ಪಕ್ಕದ ಮನೆಯಲ್ಲಿ ಕರಿದ ಹಂದಿ ತುಂಡು ಕಚ್ಚುತ್ತಾ ಸಿಕ್ಕಿಬಿದ್ದ.

"ಸಾಯೋಕೆ ಅಷ್ಟೊಂದು ಅರ್ಜೆಂಟಾ ನಿನಗೆ?" ಎಂದು ಅಕ್ಕ ಕಿರುಚಿದಳು. "ಟರ್ಕಿ ತರ್ತೀನಿ. ತಿನ್ನು."

"ಮೂವತ್ತೊಂದು ವರ್ಷ ಒಂದೇ ಪಾತ್ರೆಯಿಂದ ಉಂಡಿದೀವಿ. ನೀನು ತಿಂದ್ರೆ ನಾನೂ ತಿಂತೀನಿ. ನಿನ್ನ ಕೈ ನೋಡ್ಕೊಂಡು ಒಬ್ನೇ ನುಂಗೋಕೆ ನಾನೇನು ಕಂಪನಿ ಮಾಲೀಕನಾ?"

ಅಕ್ಕ ಗುರುವಾರ ಚರ್ಚಿನ ಫ್ರೀಜರಿನಲ್ಲಿ ಉಳಿದಿದ್ದ ಒಂದು ಹಕ್ಕಿ ತಂದು ಕರಗಲು ಇಟ್ಟಳು.

ಭಾನುವಾರ ಪ್ರಾರ್ಥನೆ ಮುಗಿಸಿ ನನ್ನನ್ನೂ ಕರೆದುಕೊಂಡು ಮನೆಗೆ ಬಂದವಳೇ ಚಾಕು ಹಿಡಿದಳು. ಕೈ ತಾನಾಗಿ ಓಡಿತು. ನಾಲ್ಕೇ ಏಟಿಗೆ ಎದೆಯ ಎರಡೂ ಭಾಗ ಹಲಗೆಯ ಮೇಲಿದ್ದವು. ಉಳಿದ ಮೂಳೆಗೂಡನ್ನು ಮೊಣಕೈಯಿಂದ ಬಲಕ್ಕೆ ತಳ್ಳಿದಳು, ಸಾಲಿನಲ್ಲಿ ನನ್ನ ಕಡೆಗೆ ತಳ್ಳುವ ಹಾಗೆ. ಅದು ದಬ್ಬೆಂದು ನೆಲಕ್ಕೆ ಬಿತ್ತು. ಅವಳ ಚಾಕು ಮಾತ್ರ ಗಾಳಿಯಲ್ಲಿ ಮುಂದಿನ ಹಕ್ಕಿಗೆ ಕಾಯುತ್ತಿತ್ತು.

"ವರ್ನೆಲ್," ಎಂದ ಭಾವ ಮೆಲ್ಲಗೆ, "ಇಲ್ಲಿ ಬೆಲ್ಟಿಲ್ಲ ಕಣೆ."

ಅವನು ಎದ್ದು ತನ್ನ ಕುರ್ಚಿಯನ್ನೇ ಅವಳ ಹಿಂದೆ ಸರಿಸಿದ.

ಅಕ್ಕ ಕೂತಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಕೂತು ಕೊಯ್ದದ್ದನ್ನು ನಾನು ನೋಡಿರಲಿಲ್ಲ. ಒಂದು ಹೋಳು ಕೊಯ್ದು ಬೆರಳು ಬಿಚ್ಚುವಳು, ಉಸಿರು ಬಿಟ್ಟು ಇನ್ನೊಂದು. ನಾನು ಚರ್ಮ ತೆಗೆದು, ತೆಳ್ಳಗೆ ಬಡಿದು, ಮೊಟ್ಟೆಯ ಬಿಳಿಯಲ್ಲಿ ಅದ್ದಿ, ಮೆಣಸು ಬೆರೆಸಿದ ಬ್ರೆಡ್ ಪುಡಿಯಲ್ಲಿ ಹೊರಳಿಸಿದೆ. ಕುಂಚದಲ್ಲಿ ಒಂಚೂರು ಎಣ್ಣೆ ಸವರಿ, ತಂತಿಜಾಲರಿಯ ಮೇಲಿಟ್ಟು ಓವನ್ನಿಗೆ ಹಾಕಿದೆ.

"ಇಷ್ಟು ಎಣ್ಣೇಲಿ ಬಾಗಿಲಿನ ಕೀಲೂ ನೆನೆಯಲ್ಲ," ಎಂದು ಭಾವ ಗೊಣಗಿದ.

ಮೇಜಿನ ಮೇಲೆ ತಟ್ಟೆ ಬಂತು. ಹೊಂಬಣ್ಣಕ್ಕೆ ತಿರುಗಿ ಗರಿಗರಿಯಾಗಿತ್ತು. ಭಾವ ಪ್ರಾರ್ಥನೆ ಹೇಳಿ ಕೈಕಟ್ಟಿ ಕೂತ. ಅಕ್ಕ ಒಂದು ತುಂಡು ಬಾಯಿಗಿಟ್ಟಳು. ಅಗಿದಳು. ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದಳು. ನುಂಗಿದಳು.

"ಉಪ್ಪು ಕಮ್ಮಿ," ಎಂದಳು.

ಆಗ ಅವನು ಮುಳ್ಳುಚಮಚ ಎತ್ತಿಕೊಂಡ.

ಎರಡನೆಯ ತುಂಡಿಗೆ ಕೈಹಾಕಿ ಅಕ್ಕ ನನ್ನ ಕಡೆ ತಿರುಗಿದಳು. "ನಾಳೆ ಸಾಲಿಗೆ ಈ ಕುರ್ಚಿ ತಗೊಂಡು ಬರ್ತೀನಿ."

"ಸಾಲಲ್ಲಿ ಯಾರೂ ಕೂರೋ ಹಾಗಿಲ್ವಲ್ಲ. ಸೂಪರ್‌ವೈಸರ್ ಏನಂತಾನೆ?"

"ಅಂದ್ಕೊಳ್ಳಲಿ."

ನಾನು ನನ್ನ ಕೆಳಗಿದ್ದ ಕುರ್ಚಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿದೆ. ಹಳೆಯದು. ಆದರೆ ಗಟ್ಟಿಯಾಗಿತ್ತು.