ಇಡ್ಲಿ ಹಂಡೆಗೆ ಹೊಂದುವ ಟೈರು

ಡೊಂಬಿವಲಿ ಸ್ಟೇಷನ್ ಪಕ್ಕದ ಉಡುಪಿ ಹೋಟೆಲನ್ನು ಮಗಳು ಶ್ರೀಪ್ರಿಯಾಳ ಕೈಗೆ ಒಪ್ಪಿಸಿದ ಮೇಲೆ ಮಧ್ವರಾಯರು ಮಾಡಿದ ಮೊದಲ ಕೆಲಸವೆಂದರೆ ಒಂದು ಜೀಪು ಕೊಂಡದ್ದು. ಇನ್ನು ಇವರು ತೀರ್ಥಯಾತ್ರೆ ಮಾಡುತ್ತಾರೆ ಎಂದು ನೆಂಟರಿಷ್ಟರೆಲ್ಲ ತಮ್ಮತಮ್ಮಲ್ಲೇ ತೀರ್ಮಾನಿಸಿಬಿಟ್ಟಿದ್ದರು. ಇವರು ನೋಡಿದರೆ ನಾಲ್ಕೂ ಚಕ್ರ ಎಳೆಯುವ, ಕಲ್ಲು ಕೆಸರು ಎನ್ನದೆ ಗುಡ್ಡ ಹತ್ತುವ ಸೆಕೆಂಡ್ ಹ್ಯಾಂಡ್ ಗಾಡಿಯೊಂದನ್ನು ತಂದು ತಾವಿದ್ದ ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ನಿಲ್ಲಿಸಿದರು. ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ಕೇಳಿದವರೂ ಇದ್ದರು. ಜೀವಮಾನವಿಡೀ ಗಲ್ಲಾದ ಹಿಂದೆ ಕೂತ ಮನುಷ್ಯನಿಗೆ ಕೂತಲ್ಲಿಂದಲೇ ಎಲ್ಲಿಗಾದರೂ ಹೋಗಬೇಕು ಅನ್ನಿಸಿದರೆ ತಪ್ಪೇನು?

ಹೆಂಡತಿ ಊರ್ಮಿಳಮ್ಮ ಮಾತ್ರ ಆ ಜೀಪಿನಲ್ಲಿ ಒಂದು ದಿನವೂ ಕೂತಿರಲಿಲ್ಲ. ಬೈದೂ ಇರಲಿಲ್ಲ. ಬೈದಿದ್ದರೆ ರಾಯರು ನಿಶ್ಚಿಂತರಾಗಿರುತ್ತಿದ್ದರು. ಆಕೆ ಜೀಪಿನ ಪಕ್ಕದಲ್ಲೇ ಹಾದುಹೋಗಿ ಗೇಟಿನ ಹತ್ತಿರ ರಿಕ್ಷಾ ಹಿಡಿಯುತ್ತಿದ್ದರು. ಕೇಳಿದರೆ ಬೆನ್ನುನೋವು. ಬೆನ್ನಿನ ಆಪರೇಷನ್ ಆದದ್ದು ನಿಜವೇ. ಆದರೆ ರಿಕ್ಷಾಕ್ಕಿಂತ ಹೆಚ್ಚು ಕುಲುಕುವ ವಾಹನ ಡೊಂಬಿವಲಿಯಲ್ಲಿ ಇನ್ನೂ ಹುಟ್ಟಿಲ್ಲವೆಂದು ರಾಯರಿಗೂ ಗೊತ್ತಿತ್ತು. ಅವಳು ಪಕ್ಕದಲ್ಲಿ ಕೂತಿರಬೇಕು, ತಾನು ಓಡಿಸಬೇಕು ಎಂದು ಅವರಿಗೆ ಬಹಳ ಆಸೆ. ಬಾ ಎಂದು ಕರೆಯಲು ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ಕರೆದ ಮೇಲೆ ಅವಳು ಒಲ್ಲೆ ಅಂದರೆ?

ಹೀಗಿರುವಾಗ ನವಿ ಮುಂಬಯಿಯ ಜೀಪಿನವರ ಗುಂಪೊಂದು ಗಂಟುಬಿತ್ತು. ಯತಿನ್ ಎಂಬ ಹುಡುಗ ಅದರ ಮುಖಂಡ. ಆದಿತ್ಯವಾರ ಮುರಬಾಡದ ಆಚೆಯ ಗುಡ್ಡ ಹತ್ತುವುದೆಂದು ನಿಶ್ಚಯವಾದದ್ದೇ ತಡ, ರಾಯರು ಬಾಯಿ ತಪ್ಪಿ ಹೇಳಿಬಿಟ್ಟರು: ಗುಡ್ಡದ ತುದಿಯಲ್ಲಿ ಎಲ್ಲರಿಗೂ ಬಿಸಿಬಿಸಿ ಇಡ್ಲಿ, ಸಾಂಬಾರು, ಫಿಲ್ಟರ್ ಕಾಫಿ, ಎಲ್ಲ ತನ್ನದೇ ಎಂದು. ಹೋಟೆಲಿನವರ ಜಾಯಮಾನವೇ ಅದು. ನಾಲ್ಕು ಜನ ಸೇರಿದ ಕಡೆ ಸುಮ್ಮನೆ ನಿಲ್ಲಲಾರರು, ಬಡಿಸಬೇಕು.

ಜೀಪಿನ ಹಳೆಯ ಟೈರುಗಳು ಸವೆದು ಬೋಳಾಗಿದ್ದವು. "ಅಂಕಲ್, ಸಬ್‌ಸೆ ಹೆವಿವಾಲಾ ಲೇ ಲೋ, ಟೆನ್ಶನ್ ಖತಂ," ಎಂದು, ಎಲ್ಲಕ್ಕಿಂತ ಭಾರದ ಟೈರು ಹಾಕಿಸಿಬಿಡಿ ಎಂಬ ಪರಿಹಾರವನ್ನು ಯತಿನ್ ಫೋನಿನಲ್ಲೇ ಕೊಟ್ಟ. ರಾಯರು ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಟೈರಿನ ಅಂಗಡಿ ಇಟ್ಟ ಶೈಲೇಶನಲ್ಲಿಗೆ ಹೋಗಿ ಅಂಥದ್ದೇ ಕೇಳಿದರು. ಕಾರ್ಕಳದ ಕಡೆಯವನು, ಮಾತುಗಾರ, ಹತ್ತು ಮಾತಿನಲ್ಲಿ ಒಂದು ಟೈರು ಮಾರುವವನು.

"ಹೆವಿ ಹಾಕುವಾ, ಅದಕ್ಕೇನು. ಮೊದಲು ಹೇಳಿ ರಾಯರೇ, ಗಾಡಿಯಲ್ಲಿ ಎಂತದೆಲ್ಲ ಹೋಗ್ಲಿಕ್ಕುಂಟು?"

"ಇಡ್ಲಿ ಹಂಡೆ ಎರಡು. ಸಾಂಬಾರಿನ ಡ್ರಮ್ಮು. ಗ್ಯಾಸ್ ಸಿಲಿಂಡರು, ನೀರಿನ ಟಾಂಕಿ, ಹಿಟ್ಟಿನ ಕ್ಯಾನು. ಮತ್ತೆ ಪಾತ್ರೆ ಇಡ್ಲಿಕ್ಕೆ ಹಿಂದೆ ಕಬ್ಬಿಣದ ಸ್ಟ್ಯಾಂಡು ಕೂಡಿಸಿದ್ದೇನೆ."

"ಇದು ಜೀಪಾ, ಕ್ಯಾಂಟೀನಾ ಮಾರಾಯ್ರೆ?"

ಶೈಲೇಶ ಡ್ರೈವರ್ ಬಾಗಿಲು ತೆರೆದು ಅಲ್ಲಿ ಅಂಟಿಸಿದ್ದ ಕಂಪೆನಿಯ ಚೀಟಿ ತೋರಿಸಿದ. "ಇಲ್ಲಿ ನೂರನಾಲ್ಕು ಅಂತ ಉಂಟು ನೋಡಿ. ಅಂದ್ರೆ ಒಂದೊಂದು ಟೈರು ಒಂಬೈನೂರು ಕಿಲೋ ತಡೀತದೆ ಅಂತ ಅರ್ಥ. ಇದಕ್ಕಿಂತ ಕಮ್ಮಿದು ನಾನು ಹಾಕುದೇ ಇಲ್ಲ, ಯಾರು ಬಂದು ಹೇಳಿದ್ರೂ. ಜಾಸ್ತಿದು ಬೇಕಾದ್ರೆ ಹಾಕ್ಬಹುದು."

"ಒಂದಕ್ಕೆ ಒಂಬೈನೂರು ಅಂದ್ರೆ ನಾಲ್ಕಕ್ಕೆ ಬೇಕಾದಷ್ಟಾಯ್ತಲ್ಲ?"

"ಸಪಾಟು ರಸ್ತೆಯಲ್ಲಿ ಹೌದು. ಗುಡ್ಡ ಹತ್ತುವಾಗ ಭಾರ ಎಲ್ಲ ಹಿಂದಿನ ಎರಡು ಚಕ್ರಕ್ಕೆ ಬೀಳ್ತದೆ. ಅದ್ರಲ್ಲೂ ಒಂದು ಚಕ್ರ ಕಲ್ಲಿನ ಮೇಲೆ ಹತ್ತಿತು ಅಂತ ಇಟ್ಕೊಳ್ಳಿ, ಪಕ್ಕದವನ ಪಾಲೂ ಅದೇ ಹೊರಬೇಕು. ನಿಮ್ಮ ಕ್ಯಾಂಟೀನಿಗೆ ನೂರಿಪ್ಪತ್ತರದ್ದೇ ಆಗ್ಬೇಕು. ಅದು ಒಂದೊಂದೂ ಸಾವಿರದ ನಾನೂರು ಹೊರ್ತದೆ."

"ಅದನ್ನೇ ಹಾಕು ಮತ್ತೆ."

"ಹಾಕುವಾ. ನನ್ನ ಗಾಡಿಗೂ ಅದೇ ಹಾಕಿದ್ದು. ಅದ್ರಲ್ಲಿ ಒಂದು ರೌಂಡು ಹೋಗಿ ಬರುವಾ ಬನ್ನಿ, ಮತ್ತೆ ನನ್ನನ್ನು ಬೈಬಾರ್ದು."

ಕಾರ್ಖಾನೆಗಳ ನಡುವಿನ ರಸ್ತೆಗೆ ಇಳಿದದ್ದಷ್ಟೇ, ರಾಯರ ಹಲ್ಲು ಕಟಕಟ ಅಂದಿತು. ಮಳೆಗಾಲ ಮುಗಿದು ಹೊಂಡಗಳಷ್ಟೇ ಉಳಿದಿದ್ದ ರಸ್ತೆ ಅದು. ಒಂದೊಂದು ಹೊಂಡವೂ ಟೈರಿನಿಂದ ಸೀಟಿಗೆ, ಸೀಟಿನಿಂದ ಸೊಂಟಕ್ಕೆ, ಸೊಂಟದಿಂದ ನೆತ್ತಿಗೆ ನೇರವಾಗಿ ಬಂದು ಮುಟ್ಟಿತು. ತಿರುಗಿ ಅಂಗಡಿಗೆ ಬರುವಷ್ಟರಲ್ಲಿ ಅವರು ಎರಡು ಕೈಯಲ್ಲೂ ಬೆನ್ನು ಹಿಡಿದುಕೊಂಡಿದ್ದರು.

"ಖಾಲಿ ಗಾಡಿ ಅಲ್ವಾ, ಹಾರ್ತದೆ," ಎಂದ ಶೈಲೇಶ. "ನಿಮ್ಮ ಹಂಡೆ, ಡ್ರಮ್ಮು ಎಲ್ಲ ಹಿಂದೆ ಬಿದ್ರೆ ಮೆತ್ತಗೆ ಆಗ್ತದೆ."

"ಗಾಳಿ ಇಳಿಸಿದ್ರೆ?"

"ಸ್ವಲ್ಪ ಪರವಾಗಿಲ್ಲ. ಆದ್ರೆ ಇದರ ಬದಿಯ ಗೋಡೆಯೇ ದಪ್ಪ, ಎಲ್ಲಿ ಬಗ್ಗುದು?"

"ಹಂಡೆ ಇಲ್ಲದ ದಿನ?"

"ಹಂಡೆ ಇಲ್ಲದ ದಿನ ನಿಮಗೆ ಈ ಟೈರೇ ಬೇಡ. ಕಂಪೆನಿ ಲೆಕ್ಕದ್ದು ಹಾಕಿ, ಇಬ್ಬರು ಆರಾಮ ಹೋಗಿ ಬನ್ನಿ. ಹಂಡೆ ಏರಿಸ್ಲಿಕ್ಕೆ ಮಾತ್ರ ಆಗುದಿಲ್ಲ."

ಮಧ್ವರಾಯರು ಅಂಗಡಿಯ ಸ್ಟೂಲಿನ ಮೇಲೆ ಕೂತರು. ಒಂದು ರೌಂಡಿಗೇ ತನ್ನ ಸೊಂಟ ಹೀಗೆ ಕೂಗಿದರೆ ಹೆಂಡತಿಯ ಬೆನ್ನಿನ ಗತಿ ಏನು? ಹೋಗುವಾಗ ಮೆತ್ತಗಿದ್ದೀತು, ತಿಂದು ಖಾಲಿಯಾದ ಹಂಡೆ ಹೊತ್ತು ಇಳಿಯುವಾಗ? ಹೋಟೆಲಿನಿಂದ ಬಿಡುಗಡೆ ಬೇಕೆಂದು ಜೀಪು ಕೊಂಡು, ಅದೇ ಜೀಪಿನ ಬೆನ್ನಿಗೆ ಹೋಟೆಲು ಕಟ್ಟಿದ ತನ್ನ ಬುದ್ಧಿಗೆ ಏನೆನ್ನಬೇಕೋ ಅವರಿಗೆ ತಿಳಿಯಲಿಲ್ಲ. ನಾಚಿಕೆಯಾಯಿತು.

"ಕಂಪೆನಿ ಲೆಕ್ಕದ್ದೇ ಹಾಕು," ಎಂದರು.

"ಆಗ್ಲಿ. ಯಾರೆಲ್ಲ ಕೂರುದು?"

"ನಾನು, ಮತ್ತೆ ಹೆಂಡತಿ."

"ಅಮ್ಮ ಬರ್ತಾರಾ?"

ರಾಯರು ಫೋನು ತೆಗೆದು ಬಾಗಿಲಾಚೆ ಹೋದರು. ಬರ್ತೀಯಾ ಎಂದು ಕೇಳಬೇಕು ಅಂತಲೇ ಹೋದದ್ದು. ಬಾಯಿಗೆ ಬಂದದ್ದು ಬೇರೆ.

"ಊರ್ಮಿಳಾ, ನಿನ್ನ ತೂಕ ಎಷ್ಟು ಈಗ?"

"ಅಯ್ಯೋ, ಯಾಕೆ? ಪುನಃ ಎಂತ ಹರಕೆ ಹೇಳಿಕೊಂಡ್ರಿ? ಯಾರಿಗೆ ಎಂತ ಆಯ್ತು? ಪ್ರಿಯಾಳಿಗಾ?"

ಆಕೆ ಹೆದರಿದ್ದರಲ್ಲಿ ತಪ್ಪಿಲ್ಲ. ಬೆನ್ನಿನ ಆಪರೇಷನ್ ಹೊತ್ತಿನಲ್ಲಿ ರಾಯರು ಯಾರಿಗೂ ಹೇಳದೆ ಉಡುಪಿಯ ಕೃಷ್ಣನಿಗೆ ಬೆಲ್ಲದ ತುಲಾಭಾರ ಹೇಳಿಕೊಂಡಿದ್ದರು. ಮದುವೆಯಾದ ಮೇಲೆ ಹೆಂಡತಿಯ ತೂಕ ವಿಚಾರಿಸಿದ್ದು ಅದೊಂದೇ ಸಲ.

"ಹರಕೆ ಎಲ್ಲ ಇಲ್ಲ. ಟೈರಿಗೆ."

"ಟೈರಿಗೆ?"

"ನೀನು ಬರುದಾದ್ರೆ ಮೆತ್ತಗಿನದ್ದು ಹಾಕಿಸುವಾ ಅಂತ. ನಿನ್ನ ಬೆನ್ನಿಗೆ ಆಗ್ತದೆ."

"ನಿಮ್ಮ ಹಂಡೆ?"

"ಹಂಡೆ ಬರುದಿಲ್ಲ. ಈ ಟೈರಿಗೆ ಹಂಡೆ ಆಗುದಿಲ್ಲ."

ಊರ್ಮಿಳಮ್ಮ ಮೆಲ್ಲಗೆ ಹೇಳಿದರು: "ಜೀಪು ತಂದ ದಿನ ನಾನು ಕೆಳಗೆ ಬಂದಿದ್ದೆ, ನೆನಪುಂಟಾ? ಸೀರೆ ಬದಲಿಸಿ ಬಂದಿದ್ದೆ. ಒಂದು ರೌಂಡು ಕರ್ಕೊಂಡು ಹೋಗ್ತೀರಿ ಅಂತ. ನೀವು ಟೇಪು ಹಿಡ್ಕೊಂಡು ಹಿಂದೆ ಹಂಡೆ ಹಿಡೀತದಾ ಅಂತ ಅಳೀತಾ ಇದ್ರಿ. ನನ್ನನ್ನು ನೋಡಿ, ಬಂದ್ಯಾ, ಇದರ ಆ ಕೊನೆ ಹಿಡ್ಕೋ ಅಂದ್ರಿ."

ರಾಯರಿಗೆ ನೆನಪಾಯಿತು. ಅವಳು ಹಿಡಿದಿದ್ದಳು ಕೂಡ. ಉಟ್ಟದ್ದು ಹೊಸ ಸೀರೆ ಎಂದು ಈಗ ಹೊಳೆಯಿತು.

"ತಪ್ಪಾಯ್ತು ಮಾರಾಯ್ತಿ," ಎಂದರು. "ಆದಿತ್ಯವಾರ ನನ್ನೊಟ್ಟಿಗೆ ಬರ್ತೀಯಾ?"

"ಅರವತ್ತೆಂಟು ಅಂತ ಬರೆಸಿ," ಎಂದು ಊರ್ಮಿಳಮ್ಮ ಫೋನಿಟ್ಟರು.

ಇಡ್ಲಿ ಇಲ್ಲವೆಂದು ತಿಳಿದಾಗ ಯತಿನ್ ಯಾರೋ ತೀರಿಕೊಂಡರೆಂಬಂತೆ ಮರುಗಿದ. ಆದರೂ ಆದಿತ್ಯವಾರ ಎಲ್ಲರೂ ಗುಡ್ಡ ಹತ್ತಿದರು. ಕಲ್ಲು ಬಂದಲ್ಲಿ ರಾಯರು ಹೆಂಡತಿಯ ಮುಖ ನೋಡುವುದು, "ಮುಂದೆ ನೋಡಿ ಓಡಿಸಿ," ಎಂದು ಆಕೆ ಗದರುವುದು, ದಾರಿಯುದ್ದಕ್ಕೂ ಇದೇ ಆಯಿತು.

ತುದಿಯಲ್ಲಿ ಹುಡುಗರು ಬ್ರೆಡ್ಡಿನ ಪೊಟ್ಟಣ ಬಿಚ್ಚಿ, ಸಣ್ಣದೊಂದು ಒಲೆ ಹಚ್ಚಿ ಚಹಾಕ್ಕೆ ಇಟ್ಟರು. ನೀರು ಕುದಿಯುವ ಮೊದಲೇ ಯತಿನ್ ಹಾಲು ಸುರಿದದ್ದನ್ನು ರಾಯರು ಕಂಡರು. ಕಾಲು ತಾನಾಗಿ ಎದ್ದಿತು. ಇನ್ನೇನು ಹೋಗಿ ಅವನ ಕೈಯಿಂದ ಸೌಟು ಕಿತ್ತುಕೊಳ್ಳಬೇಕು, ಅಷ್ಟರಲ್ಲಿ ಊರ್ಮಿಳಮ್ಮ ಅವರ ಅಂಗಿಯ ಚುಂಗು ಹಿಡಿದು ಎಳೆದರು.

"ಅವರು ಮಾಡ್ಕೊಳ್ತಾರೆ. ಕೂತ್ಕೊಳ್ಳಿ."

ರಾಯರು ಕೂತರು. ಯತಿನ್ ಎರಡು ಕಾಗದದ ಕಪ್ಪು ತಂದು ಇಬ್ಬರ ಕೈಗೂ ಕೊಟ್ಟ. ಚಹಾಕ್ಕೆ ರುಚಿ ಇಲ್ಲ, ಬಣ್ಣ ಇಲ್ಲ, ಹೋಟೆಲಿನಲ್ಲಾದರೆ ಮೋರಿಗೆ ಚೆಲ್ಲಿಸುತ್ತಿದ್ದರು. ಊರ್ಮಿಳಮ್ಮ ಕಾಲು ನೀಡಿಕೊಂಡು, ಕೆಳಗಿನ ಹಸಿರು ನೋಡುತ್ತ, ಒಂದೊಂದೇ ಗುಟುಕು ಕುಡಿದರು.

"ಎಷ್ಟು ಚೆನ್ನಾಗುಂಟು," ಎಂದರು.

ರಾಯರು ಇನ್ನೊಂದು ಕಪ್ಪು ಕೇಳಿದರು.